ಕಚೇರಿ ಮುಗಿದ ಮೇಲಿನ ರಾಮನ್

ಶಿಡ್ಲಘಟ್ಟದ ನಮ್ಮ ಮನೆಯಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ. ಬಿಸಿನೀರಿನಲ್ಲಿ ಏಳೆಂಟು ಗೂಡುಗಳು ಒಟ್ಟಿಗೆ ತಿರುಗುತ್ತಿರುತ್ತವೆ. ಒಂದರ ಎಳೆ ಬೇಗ ಮುಗಿದರೆ ಇನ್ನೊಂದು ಅರ್ಧವೂ ಬಿಚ್ಚಿರುವುದಿಲ್ಲ. ಎಂ.ಎಸ್ಸಿ. ಪ್ರಾಜೆಕ್ಟಿಗೆಂದು ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಲಿಥಿಯಂ-ಅಯಾನ್ ಬ್ಯಾಟರಿ ಚಾರ್ಜ್ ಆಗುವುದನ್ನು ನೋಡಿದ ದಿನ ನನಗೆ ನೆನಪಾದದ್ದು ಆ ಗೂಡುಗಳೇ.

ಬ್ಯಾಟರಿಯ ಎಲೆಕ್ಟ್ರೋಡ್ ಎಂದರೆ ಕೂದಲೆಳೆಯ ದಪ್ಪಕ್ಕಿಂತ ಸಣ್ಣ ಕಣಗಳನ್ನು ಅಂಟಿಸಿ ಮಾಡಿದ ಲೇಪ. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಗ್ರಾಫೈಟ್ ಕಣಗಳ ಪದರಗಳ ನಡುವೆ ನುಗ್ಗುತ್ತವೆ. ಪೂರ್ತಿ ತುಂಬಿದ ಕಣ ಸುಮಾರು ಶೇ 10ರಷ್ಟು ಉಬ್ಬುತ್ತದೆ. ಆದರೆ ಎಲ್ಲವೂ ಸಮನಾಗಿ ತುಂಬುವುದಿಲ್ಲ. ಅವಸರದಲ್ಲಿ ಚಾರ್ಜ್ ಮಾಡಿದಷ್ಟೂ ಈ ಏರುಪೇರು ಹೆಚ್ಚು. ಮತ್ತೆ ಮತ್ತೆ ಉಬ್ಬಿ ಕುಗ್ಗಿದ ಕಣಗಳು ಬಿರುಕು ಬಿಡುತ್ತವೆ. ಹಳೇ ಮೊಬೈಲಿನಲ್ಲಿ ಚಾರ್ಜ್ ನಿಲ್ಲದಿರುವುದಕ್ಕೆ ಇದೂ ಒಂದು ಕಾರಣ.

ಇದನ್ನು ಬ್ಯಾಟರಿ ಬಿಚ್ಚದೆ ನೋಡುವುದು ಹೇಗೆ? ಗಾಜಿನ ಕಿಟಕಿಯಿರುವ ಪುಟ್ಟ ಬ್ಯಾಟರಿಯೊಳಗೆ ಲೇಸರ್ ಬೆಳಕು ಬಿಡುತ್ತಾರೆ. ಚದುರಿ ಮರಳುವ ಬೆಳಕಿನಲ್ಲಿ ತೀರಾ ಸ್ವಲ್ಪ ಪಾಲು ಬಣ್ಣ ಬದಲಿಸಿಕೊಂಡಿರುತ್ತದೆ. ಕಂಪ್ಯೂಟರ್ ಪರದೆಯ ಮೇಲೆ 1580ರ ಹತ್ತಿರ ಗ್ರಾಫೈಟಿನ ಒಂದು ಶಿಖರ. ಲಿಥಿಯಂ ಒಳಸೇರಿದಂತೆ ಅದು ಎರಡಾಗಿ ಸೀಳಿತು. ಲೇಸರನ್ನು ಪಕ್ಕದ ಕಣಕ್ಕೆ ಸರಿಸಿದರೆ ಅಲ್ಲಿನ್ನೂ ಒಂದೇ! ಆ ಯಂತ್ರಕ್ಕೆ ಹೆಸರು ಕೊಟ್ಟ ಸಿ.ವಿ. ರಾಮನ್ ಬಗ್ಗೆ ನನಗೆ ಗೊತ್ತಿದ್ದದ್ದು ಫೆಬ್ರುವರಿ 28ರ ಭಾಷಣ ಸ್ಪರ್ಧೆಯಷ್ಟು ಮಾತ್ರ. ಆಮೇಲೆ ಹುಡುಕಿ ಓದಿದೆ.

ರಾಮನ್ ಹುಟ್ಟಿದ್ದು 1888ರಲ್ಲಿ, ತಿರುಚಿರಾಪಳ್ಳಿಯಲ್ಲಿ. 1907ರಲ್ಲಿ ಹಣಕಾಸು ಇಲಾಖೆಯ ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಮೊದಲಿಗರಾಗಿ, 18ನೇ ವಯಸ್ಸಿಗೇ ಕಲ್ಕತ್ತೆಯಲ್ಲಿ ಅಧಿಕಾರಿಯಾದರು. ಅದೇ ವರ್ಷ ಮದುವೆಯೂ ಆಯಿತು. ನಮ್ಮ ಮನೆಯಲ್ಲಾಗಿದ್ದರೆ ಕಥೆ ಅಲ್ಲಿಗೆ ಸುಖಾಂತ್ಯ! ಅವರು ಮಾತ್ರ ಬೆಳಿಗ್ಗೆ ಕಚೇರಿಗೆ ಮೊದಲು, ಸಂಜೆ ಕಚೇರಿ ಮುಗಿದ ಮೇಲೆ ಬೌಬಜಾರ್ ಬೀದಿಯ ವಿಜ್ಞಾನ ಸಂಘದಲ್ಲಿ ಪ್ರಯೋಗಕ್ಕೆ ಕೂರುತ್ತಿದ್ದರು. ಹೀಗೆ ಹತ್ತು ವರ್ಷ. 1917ರಲ್ಲಿ ಕಡಿಮೆ ಸಂಬಳದ ಪ್ರಾಧ್ಯಾಪಕ ಹುದ್ದೆಗಾಗಿ ಅಂಥ ನೌಕರಿಯನ್ನೇ ಬಿಟ್ಟರು. 1921ರ ಹಡಗು ಪ್ರಯಾಣದಲ್ಲಿ ಕಂಡ ಕಡಲಿನ ನೀಲಿ ಅವರನ್ನು ಕಾಡಿತು. ಬೆಳಕು ಚದುರುವುದರ ಬೆನ್ನು ಹತ್ತಿದರು. ಕೆ.ಎಸ್. ಕೃಷ್ಣನ್ ಜೊತೆಗೂಡಿ ದ್ರವಗಳ ಮೇಲೆ ಪ್ರಯೋಗ ನಡೆಸುತ್ತಾ 1928ರಲ್ಲಿ ಆ ಬಣ್ಣ ಬದಲಿಸಿದ ಬೆಳಕನ್ನು ಹಿಡಿದರು. ಆಗ ಲೇಸರ್ ಎಲ್ಲಿತ್ತು? ಬಿಸಿಲು, ಪಾದರಸದ ದೀಪ, ಇಷ್ಟೇ. 1930ರಲ್ಲಿ ನೊಬೆಲ್ ಬಂತು.

1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದರು. ಇಲ್ಲೊಂದು ಕಡೆ ನನಗೆ ಅವರ ಮೇಲೆ ಸಿಟ್ಟು ಬಂದಿದೆ. ಅದೇ ವರ್ಷ ಮುಂಬೈಯಿಂದ ಬಂದ ಕಮಲಾ ಎಂಬ ಪದವೀಧರೆಗೆ ಹೆಣ್ಣೆಂಬ ಕಾರಣಕ್ಕೆ ಸೀಟು ನಿರಾಕರಿಸಿದರು. ಆಕೆ ಪಟ್ಟು ಬಿಡದಾಗ ಒಂದು ವರ್ಷ ಪರೀಕ್ಷಾರ್ಥವಾಗಿ ಸೇರಿಸಿಕೊಂಡರು. ಆಕೆಯ ಕೆಲಸ ನೋಡಿದ ಮೇಲೆ ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಿತು. ಮುಂದೆ ಜೀವರಸಾಯನ ವಿಜ್ಞಾನಿ ಕಮಲಾ ಸೊಹೊನಿ ಎಂದು ಹೆಸರಾದವರು ಅವರೇ. ನಾನು ಲೇಸರಿನ ಮುಂದೆ ಕೂತದ್ದರಲ್ಲಿ ರಾಮನ್‌ರಷ್ಟೇ ಪಾಲು ಅವರದ್ದೂ ಇದೆ.

ರಾಮನ್ 1937ರಲ್ಲಿ ನಿರ್ದೇಶಕ ಹುದ್ದೆ ಬಿಟ್ಟರು, 1948ರಲ್ಲಿ ನಿವೃತ್ತರಾಗಿ ತಮ್ಮದೇ ಸಂಶೋಧನಾ ಸಂಸ್ಥೆ ಕಟ್ಟಿದರು. ನಮ್ಮ ಗೌರಿಬಿದನೂರಿನ ರೇಡಿಯೊ ದೂರದರ್ಶಕದಲ್ಲಿ ಆ ಸಂಸ್ಥೆಯ ಕೈಯೂ ಇದೆ, ಆದರೆ ಅದು ಬಂದದ್ದು 1970ರಲ್ಲಿ ಅವರು ತೀರಿಕೊಂಡ ಮೇಲೆ.

ಅಪ್ಪನಿಗೆ ನಾನು ಎಫ್‌ಡಿಎ ಪರೀಕ್ಷೆ ಪಾಸು ಮಾಡಬೇಕೆಂಬ ಆಸೆ. ಅರ್ಜಿ ತುಂಬಿದ್ದೇನೆ. ಬ್ಯಾಟರಿ ಸಂಶೋಧನೆಯ ಸಹಾಯಕಿ ಹುದ್ದೆಯೊಂದಕ್ಕೂ ಅರ್ಜಿ ಹಾಕಿದ್ದೇನೆ, ಅದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ. ರಾಮನ್ ಹತ್ತು ವರ್ಷ ನೌಕರಿ ಮಾಡಿದ್ದನ್ನು ಮಾತ್ರ ಅಪ್ಪನಿಗೆ ಹೇಳಿದೆ. ಬಿಟ್ಟದ್ದನ್ನು ಈ ಪುಟದಲ್ಲಿ ಓದಿಕೊಳ್ಳಲಿ.