ರುಚಿಯನ್ನೂ ಬರೆದಿಟ್ಟ ದೊರೆ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆಲ್ಲ ಆತನ ಹೆಸರು ಗೊತ್ತು. ಹೊಂದಿಸಿ ಬರೆಯುವ ಪ್ರಶ್ನೆಯಲ್ಲಿ ಎಡಕ್ಕೆ ಮಾನಸೋಲ್ಲಾಸ, ಬಲಕ್ಕೆ ಮೂರನೇ ಸೋಮೇಶ್ವರ. ಸರಿಯಾಗಿ ಹೊಂದಿಸಿದರೆ ಒಂದು ಅಂಕ. ವಿಜಯನಗರದ ಕೋಚಿಂಗ್ ಸೆಂಟರುಗಳ ನೋಟ್ಸಿನಲ್ಲೂ, ಹಂಪಿನಗರದ ಗ್ರಂಥಾಲಯದಲ್ಲಿ ಬೆಳಿಗ್ಗೆಯೇ ಜಾಗ ಹಿಡಿಯುವವರ ಪುಸ್ತಕಗಳಲ್ಲೂ ಆತನಿಗೆ ಸಿಕ್ಕಿರುವುದು ಒಂದೇ ಸಾಲು. ಆ ಸಾಲಿನ ಹಿಂದಿನ ಮನುಷ್ಯ ಮಾತ್ರ ಬಹಳ ಸ್ವಾರಸ್ಯದವನು.

ಸೋಮೇಶ್ವರ ಕಲ್ಯಾಣ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ಮಗ. ಅಪ್ಪ 1076ರಲ್ಲಿ ಪಟ್ಟಕ್ಕೆ ಬಂದು, ತನ್ನ ಹೆಸರಿನಲ್ಲೇ ಹೊಸ ಶಕೆ ಆರಂಭಿಸಿ, ಐವತ್ತು ವರ್ಷ ಆಳಿದವನು. ಕವಿ ಬಿಲ್ಹಣ, ಮಿತಾಕ್ಷರ ಬರೆದ ವಿಜ್ಞಾನೇಶ್ವರ ಇಬ್ಬರೂ ಅವನ ಆಸ್ಥಾನದಲ್ಲಿದ್ದರು. ಅಂಥ ಅಪ್ಪನ ನಂತರ 1126ರ ಸುಮಾರಿಗೆ ಸಿಂಹಾಸನ ಏರಿದ ಮಗನಿಗೆ ಸಿಕ್ಕಿದ್ದು ಹನ್ನೆರಡು ವರ್ಷ ಮಾತ್ರ. ದಕ್ಷಿಣದಲ್ಲಿ ಹೊಯ್ಸಳ ವಿಷ್ಣುವರ್ಧನ ದಿನದಿಂದ ದಿನಕ್ಕೆ ಬಲಿಯುತ್ತಿದ್ದ. ಆದರೂ ಈ ದೊರೆ ಕೈಗೆತ್ತಿಕೊಂಡದ್ದು ಒಂದು ಪುಸ್ತಕವನ್ನು.

1130ರ ಆಸುಪಾಸಿನಲ್ಲಿ ಸಂಸ್ಕೃತದಲ್ಲಿ ರಚನೆಯಾದ ಆ ಗ್ರಂಥಕ್ಕೆ ಅಭಿಲಷಿತಾರ್ಥ ಚಿಂತಾಮಣಿ ಎಂಬ ಇನ್ನೊಂದು ಹೆಸರೂ ಇದೆ. ಐದು ಭಾಗ, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯ, ಒಟ್ಟು ನೂರು. ರಾಜನೀತಿ, ಆನೆ, ರತ್ನ, ಚಿತ್ರಕಲೆ, ಸಂಗೀತ, ಮೀನು ಹಿಡಿಯುವುದು ಎಲ್ಲವೂ ಅದರಲ್ಲಿವೆ. ನಮ್ಮ ಇಡ್ಲಿ, ದೋಸೆಗಳ ಪೂರ್ವಜರೂ ಅಲ್ಲೇ ಸಿಗುತ್ತಾರೆ. ಅಂದಿನ ಇಡ್ಲಿಗೆ ಅಕ್ಕಿ ಇರಲಿಲ್ಲ, ಬರೀ ಉದ್ದು.

ಪಾನೀಯದ ವಿಷಯಕ್ಕೆ ಬಂದರೆ ದೊರೆಯ ನಾಲಿಗೆ ಇನ್ನೂ ಸೂಕ್ಷ್ಮ. ಮಳೆನೀರು, ನದಿನೀರು, ಕೆರೆನೀರು, ಬಾವಿನೀರು ಎಂದು ನೀರನ್ನೇ ಮೂಲ ನೋಡಿ ವಿಂಗಡಿಸುತ್ತಾನೆ. ಅದಕ್ಕೆ ಪರಿಮಳ ಕಟ್ಟುವ ವಿಧಾನ ಹೇಳುತ್ತಾನೆ. ಇಪ್ಪತ್ತು ಬಗೆಯ ಕ್ರೀಡೆಗಳಲ್ಲಿ ಮದಿರಾಪಾನಕ್ಕೂ ಒಂದು ಅಧ್ಯಾಯ ಮೀಸಲು. ದ್ರಾಕ್ಷಿಯದು, ಕಬ್ಬಿನದು ಎಲ್ಲರಿಗೂ ಗೊತ್ತಿದ್ದವೇ. ಜೊತೆಗೆ ತಾಳೆಯಿಂದ, ತೆಂಗಿನಿಂದ, ಖರ್ಜೂರದಿಂದ ಮಾಡುವ ಅಪರೂಪದ ಮದ್ಯಗಳನ್ನೂ ಬಿಡದೆ ದಾಖಲಿಸುತ್ತಾನೆ. ಒಂದೊಂದು ಮರ ಒಂದೊಂದು ಸೀಮೆಯದು. ಬೇರೆ ಬೇರೆ ನೆಲದ ರುಚಿಯನ್ನು ಒಂದೇ ಕಡೆ ಇಟ್ಟು ನೋಡುವ ಈ ಕುತೂಹಲಕ್ಕೆ ಒಂಬೈನೂರು ವರ್ಷ ಆಗುತ್ತಾ ಬಂತು. ಹಾಗಂತ ಇದನ್ನು ಓದಿ ಯಾರೂ ಬಾರಿಗೆ ಓಡಬೇಕಿಲ್ಲ. ಗಮನಿಸಬೇಕಾದದ್ದು ಕುಡಿತವನ್ನಲ್ಲ, ನಾಲಿಗೆಗೆ ತಿಳಿದದ್ದನ್ನು ಮಾತಿಗೆ ತಂದ ಶ್ರದ್ಧೆಯನ್ನು.

ಆ ಶ್ರದ್ಧೆಗೆ ಒಂದು ಮಿತಿಯೂ ಇತ್ತು. ಅದು ಅರಮನೆಯ ಭೋಗದ ಪುಸ್ತಕ. ಮರ ಹತ್ತಿ ಹೆಂಡ ಇಳಿಸಿದವರ, ಕಬ್ಬು ಅರೆದವರ ಹೆಸರು ನಮಗೆ ಉಳಿದಿಲ್ಲ. 1138ರಲ್ಲಿ ಸೋಮೇಶ್ವರ ತೀರಿಕೊಂಡ. ಸುಮಾರು ಎರಡು ದಶಕಗಳಲ್ಲಿ ಕಲ್ಯಾಣ ಕಳಚುರಿ ಬಿಜ್ಜಳನ ಕೈಸೇರಿತು. ನಮ್ಮ ಬಸವೇಶ್ವರನಗರಕ್ಕೆ ಹೆಸರು ಕೊಟ್ಟ ಬಸವಣ್ಣನವರು ಅದೇ ಊರಿನಲ್ಲಿ ಶರಣರನ್ನು ಒಟ್ಟುಗೂಡಿಸಿದರು. ಆ ಬಳಗದಲ್ಲಿ ಹೆಂಡ ಮಾರಿ ಬದುಕುತ್ತಿದ್ದ ಹೆಂಡದ ಮಾರಯ್ಯನೂ ಇದ್ದ. ಆತ ತನ್ನ ಕಸುಬಿನ ಮಾತುಗಳಲ್ಲೇ, ಕನ್ನಡದಲ್ಲಿ ವಚನ ಬರೆದ. ದೊರೆ ಬಿಟ್ಟ ಜಾಗವನ್ನು ಮಾರುವವನು ತುಂಬಿದ.

ಯುದ್ಧದ ಲೆಕ್ಕದಲ್ಲಿ ಸೋಮೇಶ್ವರ ಅಪ್ಪನ ಮುಂದೆ ಸಣ್ಣವನೇ. ಆದರೆ ಆತನ ರಾಜ್ಯ ಹೋದಮೇಲೂ ಪುಸ್ತಕ ಓಲೆಗರಿಗಳಲ್ಲಿ ಉಳಿಯಿತು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಆರ್. ಶಾಮಶಾಸ್ತ್ರಿಗಳೇ 1926ರಲ್ಲಿ ಇದರ ಒಂದು ಭಾಗವನ್ನು ಮೈಸೂರಿನಲ್ಲಿ ಅಚ್ಚಿಗೆ ತಂದರು. ಇಂದು ಭಾರತದ ಅಡುಗೆಯ ಇತಿಹಾಸ ಬರೆಯುವವರು ಇದನ್ನು ತೆರೆಯದೆ ಮುಂದೆ ಹೋಗುವುದಿಲ್ಲ.

ಕೆಲಸ ಹುಡುಕುವ ನಮಗೆ ಇದರಿಂದ ಏನು ಎಂದು ಕೇಳಬಹುದು. ರುಚಿ ನೋಡುವುದು ಇಂದು ಸಂಬಳ ಸಿಗುವ ವಿದ್ಯೆ. ಕಾಫಿಯ ಗುಣಮಟ್ಟ ಅಳೆಯುವುದನ್ನು ಕಲಿಸಲು ಬೆಂಗಳೂರಿನ ಕಾಫಿ ಬೋರ್ಡ್ ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತದೆ. 2007ರ ನಂತರ ರಾಜ್ಯಕ್ಕೆ ಪ್ರತ್ಯೇಕ ವೈನ್ ನೀತಿ ಇದೆ, ವೈನ್ ಬೋರ್ಡ್ ಇದೆ. ನಂದಿ ತಪ್ಪಲಿನ ದ್ರಾಕ್ಷಿಗೂ ಕೃಷ್ಣಾ ಕಣಿವೆಯ ದ್ರಾಕ್ಷಿಗೂ ಇರುವ ವ್ಯತ್ಯಾಸ ಹೇಳಬಲ್ಲವರಿಗೆ ಅಲ್ಲಿ ಬೆಲೆಯಿದೆ. ಇಂಥ ಕೆಲಸಕ್ಕೆ ಚುರುಕಾದ ನಾಲಿಗೆಯಷ್ಟೇ ಸಾಲದು, ಒಂದು ನೋಟ್‌ಬುಕ್ಕೂ ಬೇಕು. ಬಾವಿನೀರು ಬೇರೆ, ಕೆರೆನೀರು ಬೇರೆ ಎಂದು ಗುರುತಿಸಿ ಬರೆದಿಡುವಷ್ಟು ತಾಳ್ಮೆ ಬೇಕು. ಅದನ್ನು ಇವತ್ತು ಮಧ್ಯಾಹ್ನದ ಒಂದು ಲೋಟ ಕಾಫಿಯಿಂದಲೇ ಆರಂಭಿಸಬಹುದು.