ಕಣ್ಣಿನ ಡಾಕ್ಟರ್ ಮೋದಿ

ಯಶವಂತಪುರದಿಂದ ರಾಜಾಜಿನಗರದ ಕಡೆ ಹೋದರೆ ಮೋದಿ ಆಸ್ಪತ್ರೆ ಎಂಬ ಬಸ್ ಸ್ಟಾಪ್ ಸಿಗುತ್ತದೆ. ಅದು ಪ್ರಧಾನಿಯವರ ಹೆಸರಲ್ಲ, ಕಣ್ಣಿನ ವೈದ್ಯ ಡಾ. ಎಂ. ಸಿ. ಮೋದಿಯವರದು.

ಅವರು ಹುಟ್ಟಿದ್ದು 1916ರಲ್ಲಿ, ಈಗಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ. ಬಡವರು ಆಸ್ಪತ್ರೆಗೆ ಬರಲಿ ಎಂದು ಕಾಯದೆ ತಾವೇ ಊರೂರಿಗೆ ಹೋಗಿ ಉಚಿತ ಶಿಬಿರ ನಡೆಸಿದರು. ಅಲ್ಲಿ ಹೆಚ್ಚಾಗಿ ತೆಗೆಯುತ್ತಿದ್ದದ್ದು ಕಣ್ಣಿನ ಪೊರೆ. ನಮ್ಮ ಮನೆಗಳಲ್ಲಿ ಮೋತಿಯಾ ಅನ್ನುತ್ತೇವಲ್ಲ, ಅದೇ. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಜನರಿಗೆ ಪೊರೆ ತೆಗೆದರು. 1993ರ ಹೊತ್ತಿಗೆ ಅವರು ಮಾಡಿದ ಆಪರೇಷನ್‌ಗಳು 6,10,564 ಎಂದು ಗಿನ್ನೆಸ್ ಪುಸ್ತಕ ದಾಖಲಿಸಿತು. ಕಾಮರ್ಸ್ ಓದುವ ನಾನು ಫೀಸಿನ ಲೆಕ್ಕ ಹಾಕಿದೆ. ಒಂದಕ್ಕೆ ಬರೀ ನೂರು ರೂಪಾಯಿ ಎಂದರೂ ಆರು ಕೋಟಿ ದಾಟುತ್ತದೆ!

ಪೊರೆ ವಯಸ್ಸಾದವರಿಗೆ ಮಾತ್ರ ಬರುವುದಲ್ಲ. ಕ್ರಿಕೆಟ್ ಚೆಂಡೋ ಮೊಣಕೈಯೋ ಕಣ್ಣಿಗೆ ಜೋರಾಗಿ ಬಡಿದರೆ ನಮ್ಮ ವಯಸ್ಸಿನಲ್ಲೂ ಬರಬಹುದು, ಕೆಲವೊಮ್ಮೆ ಪೆಟ್ಟು ಬಿದ್ದು ವರ್ಷಗಳಾದ ಮೇಲೆ. ಅದನ್ನು ತೆಗೆದು ಲೆನ್ಸ್ ಹಾಕಬಹುದು. ಆದರೆ ಅದೇ ಪೆಟ್ಟಿಗೆ ಕಣ್ಣೊಳಗೆ ರಕ್ತ ಇಳಿದರೆ, ಹಿಂದಿನ ರೆಟಿನಾ ಕಳಚಿದರೆ ತಡಮಾಡುವಂತಿಲ್ಲ. ರೆಟಿನಾ ಕಳಚುವಾಗ ನೋವಿರುವುದಿಲ್ಲ. ಮಿಂಚು ಹೊಡೆದಂತೆ, ಕಪ್ಪು ಚುಕ್ಕೆ ತೇಲಿದಂತೆ, ಪರದೆ ಇಳಿದಂತೆ ಕಾಣುತ್ತದೆ. ನಮ್ಮ ಹುಡುಗರು ನೀರು ಚಿಮುಕಿಸಿಕೊಂಡು ಮತ್ತೆ ಬ್ಯಾಟಿಂಗಿಗೆ ನಿಲ್ಲುತ್ತಾರೆ. ಕಣ್ಣನ್ನು ಉಜ್ಜದೆ, ಒತ್ತದೆ, ಅದೇ ದಿನ ಕಣ್ಣಿನ ಡಾಕ್ಟರಿಗೆ ತೋರಿಸಬೇಕು.

ಮೋದಿಯವರಿಗೆ 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂತು. 2005ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಆಗ ಅವರಿಗೆ 89 ವರ್ಷ.