ಭಾಸ್ಕರಾಚಾರ್ಯರು

ಗಣಿತಶಾಸ್ತ್ರಜ್ಞರಲ್ಲಿ ಪ್ರಖ್ಯಾತರಾದ ಭಾಸ್ಕರಾಚಾರ್ಯರು ಕ್ರಿ. ಶ. 1114ರಲ್ಲಿ ಜನಿಸಿದರು. ಅವರ ಊರಾದ ವಿಜ್ಜಡವಿಡವು ನಮ್ಮ ವಿಜಯಪುರವೇ ಎಂದು ಹಲವರು ಹೇಳುವರು. ಖಾನದೇಶದಲ್ಲಿತ್ತೆಂದು ಬೇರೆ ಕೆಲವರ ಮತ. ತಂದೆಯಾದ ಮಹೇಶ್ವರರೇ ಅವರಿಗೆ ಗುರುಗಳು. 1150ರಲ್ಲಿ, ತಮ್ಮ 36ನೆಯ ವಯಸ್ಸಿನಲ್ಲಿ, ಅವರು ಸಿದ್ಧಾಂತಶಿರೋಮಣಿಯನ್ನು ರಚಿಸಿದರು.

ಚಂದ್ರನ ಇಂದಿನ ಸ್ಥಾನಕ್ಕೂ ನಾಳಿನ ಸ್ಥಾನಕ್ಕೂ ಇರುವ ಅಂತರವು ದಿನದ ಸರಾಸರಿ ಗತಿ. ಆದರೆ ಅವನ ವೇಗವು ಕ್ಷಣಕ್ಷಣಕ್ಕೂ ವ್ಯತ್ಯಾಸವಾಗುವುದರಿಂದ, ತಿಥಿಯ ಅಂತ್ಯವನ್ನು ನಿಷ್ಕರ್ಷಿಸಲು ಸರಾಸರಿ ಸಾಲದೆಂದು ಕಂಡು, ಆಯಾ ಕ್ಷಣದ ವೇಗವಾದ ತಾತ್ಕಾಲಿಕ ಗತಿಯನ್ನು ಸಾಧಿಸುವ ಕ್ರಮವನ್ನು ಆಚಾರ್ಯರು ಬೋಧಿಸಿದರು. ನ್ಯೂಟನ್ನನಿಗಿಂತ 500 ವರ್ಷ ಮೊದಲೇ ಕಲನಶಾಸ್ತ್ರದ ಒಂದು ಬೀಜವು ಇಲ್ಲಿ ಬಿದ್ದಿತು.

ಹಿರಿಯೂರಿನ ನಮ್ಮ ಬಾಲಕಿಯರು ಸರಾಸರಿ ವೇಗೋತ್ಕರ್ಷವನ್ನು ಗಣಿಸುವಾಗ, ಕಡೆಯ ಕ್ಷಣದ ವೇಗದಿಂದ ಮೊದಲ ಕ್ಷಣದ ವೇಗವನ್ನು ಕಳೆದು ಕಾಲದಿಂದ ಭಾಗಿಸುವರು. ವೇಗವು ಸೆಕೆಂಡಿಗೆ 3 ಮೀಟರಿನಿಂದ 27ಕ್ಕೆ 2 ಸೆಕೆಂಡುಗಳಲ್ಲಿ ಏರಿದರೆ, ಪ್ರತಿ ಸೆಕೆಂಡಿಗೂ ವೇಗವು ಸರಾಸರಿ 12 ಮೀಟರಿನಷ್ಟು ಹೆಚ್ಚಿತೆಂದರ್ಥ. ಈ 3, 27 ಎಂಬ ವೇಗಗಳು ತಾತ್ಕಾಲಿಕ ಗತಿಗಳೇ ಆಗಿವೆ.

ಆಚಾರ್ಯರ ಲೀಲಾವತಿಯ ಹಲವು ಲೆಕ್ಕಗಳು ಬಾಲೆಯೊಬ್ಬಳನ್ನು ಸಂಬೋಧಿಸುವುವು. ಆಕೆ ಅವರ ಮಗಳೆಂಬುದು ಐತಿಹ್ಯ ಮಾತ್ರ. ಆದರೂ ಹತ್ತನೆಯ ತರಗತಿಯಾದೊಡನೆ ಹೆಣ್ಣುಮಕ್ಕಳಿಗೆ ಗಣಿತವನ್ನು ಬಿಡಿಸುವ ತಂದೆತಾಯಿಗಳು, ಅಷ್ಟು ದೊಡ್ಡ ಪಂಡಿತರು ತಮ್ಮ ಪ್ರಶ್ನೆಗಳನ್ನು ಯಾರ ಮುಂದಿಟ್ಟರೆಂಬುದನ್ನು ಒಮ್ಮೆ ನೆನೆಯಬೇಕು.